ಮೈಸೂರು ಅರಸರು ಉಳಿಸಿದ ಪಿಯಾನೊ: ಸಿರುಗುಪ್ಪ ಬಸ್ಸಿನಲ್ಲಿ ಕೇಳೋಕೆ ಮೂರು ರೆಕಾರ್ಡಿಂಗ್

ಇವತ್ತು ಪಿಯಾನೊ ಬಗ್ಗೆ ಮಾತಾಡೋಣ. ‘ಅದು ನಮ್ಮದಲ್ಲ ಬಿಡಿ’ ಅಂತ ಮುಂದಕ್ಕೆ ಹೋಗಬೇಡಿ. ಈ ಕಥೆಯಲ್ಲಿ ಮೈಸೂರು ಮಹಾರಾಜರಿದ್ದಾರೆ, ಕುರುಗೋಡಿನ ನಮ್ಮಜ್ಜನೂ ಬರ್ತಾನೆ.

ಜಯಚಾಮರಾಜ ಒಡೆಯರ್ ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದವರು ಅಂತ ನಿಮಗೆ ಗೊತ್ತಿರಬಹುದು. ಅವರಿಗೆ ಪಿಯಾನೊ ಹುಚ್ಚೂ ಅಷ್ಟೇ ಇತ್ತು. ಅದರಲ್ಲೂ ರಷ್ಯಾದ ನಿಕೊಲಾಯ್ ಮೆಟ್ನರ್ ಅಂದ್ರೆ ಪ್ರಾಣ. ಮೆಟ್ನರ್ ಆಗ ಲಂಡನ್‌ನಲ್ಲಿದ್ದರು. ಯುದ್ಧದಿಂದಾಗಿ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತುಹೋಗಿತ್ತು, ಆರೋಗ್ಯವೂ ಕೆಟ್ಟಿತ್ತು. ಮಹಾರಾಜರು ಹಣ ಕೊಟ್ಟರು. ಅದರಿಂದ ಮೆಟ್ನರ್ ತಮ್ಮ ಮೂರೂ ಕನ್ಚರ್ಟೊಗಳನ್ನು 1947ರಲ್ಲಿ ತಾವೇ ನುಡಿಸಿ ರೆಕಾರ್ಡ್ ಮಾಡಿದರು. ಮೂರನೆಯದನ್ನು ಮಹಾರಾಜರಿಗೇ ಅರ್ಪಿಸಿದರು. 1951ರಲ್ಲಿ ತೀರಿಕೊಂಡರು.

ಇನ್ನೊಂದು ನಂಟೂ ಇದೆ. 1953ರ ಅಕ್ಟೋಬರ್ 1ರಂದು ನಮ್ಮ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಬಂದಾಗ ಅಲ್ಲಿ ರಾಜಪ್ರಮುಖರಾಗಿದ್ದವರು ಇವರೇ.

ಸರಿ, ಏನು ಕೇಳಬೇಕು?

ಒಂದು, ಮಾರ್ಕ್-ಆಂಡ್ರೆ ಹ್ಯಾಮ್ಲಿನ್ ನುಡಿಸಿದ ‘ಸೊನಾಟಾ ರೆಮಿನಿಸೆಂಜಾ’. ಕಾಲು ಗಂಟೆಯೊಳಗಿನ ಶಾಂತವಾದ ಕೃತಿ. ಹೊಸಬರು ಇಲ್ಲಿಂದ ಶುರು ಮಾಡಿ. ರೆಕಾರ್ಡಿಂಗ್ 1990ರ ದಶಕದ್ದು. ಆದರೆ ಹೈಪೀರಿಯನ್ ಕಂಪನಿಯ ಆಲ್ಬಂಗಳು ಸ್ಟ್ರೀಮಿಂಗ್‌ಗೆ ಬರತೊಡಗಿದ್ದೇ 2023ರಲ್ಲಿ, ಯೂನಿವರ್ಸಲ್ ಮ್ಯೂಸಿಕ್ ಅದನ್ನು ಕೊಂಡ ಮೇಲೆ. ಹಾಗಾಗಿ ನಮ್ಮ ಮೊಬೈಲಿಗೆ ಇದು ಹೊಸದೇ.

ಎರಡು, ಯೆವ್ಗೆನಿ ಸುದ್ಬಿನ್ ನುಡಿಸಿದ ಮೂರನೇ ಕನ್ಚರ್ಟೊ. ಸುಮಾರು 35 ನಿಮಿಷ. ಬಳ್ಳಾರಿಯಲ್ಲಿ ಬಸ್ ಹತ್ತಿ ಹಚ್ಚಿದರೆ ತೆಕ್ಕಲಕೋಟೆ ಬರೋದರೊಳಗೆ ಮುಗಿಯುತ್ತೆ. ಧ್ವನಿ ಸ್ಪಷ್ಟ, ಆರ್ಕೆಸ್ಟ್ರಾದ ಪ್ರತಿ ವಾದ್ಯವೂ ಬೇರೆ ಬೇರೆ ಕೇಳಿಸುತ್ತೆ.

ಮೂರು, ಅದೇ ಕನ್ಚರ್ಟೊ, ಮೆಟ್ನರ್ ಅವರದೇ ಕೈಯಲ್ಲಿ, 1947ರದ್ದು. ಇದನ್ನ ಕೊನೆಗೆ ಕೇಳಿ. ಗರಗರ ಸದ್ದು ಇರುತ್ತೆ. ಆಗಿನ ತಟ್ಟೆಯ ಒಂದು ಬದಿಗೆ ನಾಲ್ಕೈದು ನಿಮಿಷವಷ್ಟೇ ಹಿಡಿಸುತ್ತಿತ್ತು, ತುಂಡು ತುಂಡಾಗಿ ನುಡಿಸಬೇಕಿತ್ತು. ಅಂಥದ್ದರಲ್ಲೂ ಅರವತ್ತೇಳರ ಆ ಮನುಷ್ಯನ ಕೈ ಹೇಗೆ ಓಡುತ್ತೆ ನೋಡಿ.

ಹುಡುಕುವಾಗ ನುಡಿಸಿದವರ ಹೆಸರನ್ನೂ ಟೈಪ್ ಮಾಡಿ. ಒಂದೇ ಕೃತಿಯನ್ನು ಹತ್ತಾರು ಜನ ನುಡಿಸಿರ್ತಾರೆ.

ಕೇಳೋದು ಹೇಗೆ? ಹಾರ್ಮೋನಿಯಂ ನೆನಪಿಸಿಕೊಳ್ಳಿ. ಮನೆಗಳ ಸಾಲು ಎರಡಕ್ಕೂ ಒಂದೇ. ಹಾರ್ಮೋನಿಯಂನಲ್ಲಿ ಗಾಳಿ ಇರೋವರೆಗೂ ಸ್ವರ ನಿಲ್ಲುತ್ತೆ. ಪಿಯಾನೊದಲ್ಲಿ ಸಣ್ಣ ಸುತ್ತಿಗೆ ತಂತಿಗೆ ಬಡಿಯುತ್ತೆ, ಸ್ವರ ಹುಟ್ಟಿದ ಕೂಡಲೇ ಕರಗೋಕೆ ಶುರು. ಮೊದಲ ಸಲ ಬಲಗೈ ಹಾಡನ್ನಷ್ಟೇ ಹಿಡಿಯಿರಿ. ಎರಡನೇ ಸಲ ಎಡಗೈ ಏನು ಹೇಳ್ತಿದೆ ಅಂತ ಕಿವಿಗೊಡಿ. ಮೆಟ್ನರ್ ಇರೋದೇ ಆ ಎರಡರ ಮಾತುಕತೆಯಲ್ಲಿ.

ಈಗ ನಮ್ಮಜ್ಜ. ಜಾತ್ರೆ ನಾಟಕಗಳಿಗೆ ಲೆಗ್ ಹಾರ್ಮೋನಿಯಂ ನುಡಿಸ್ತಿದ್ದ. ರಾತ್ರಿಯಿಡೀ ಕಾಲಲ್ಲಿ ಗಾಳಿ ಒತ್ತುತ್ತಾ, ಕೈಯಲ್ಲಿ ರಂಗಗೀತೆ ಎತ್ತುತ್ತಾ ಕೂತಿರ್ತಿದ್ದ. ನನ್ನ ಹತ್ತಿರ ಅವನ ಒಂದು ಫೋಟೊ ಇದೆ, ಅರ್ಧ ನಿಮಿಷದ ಧ್ವನಿಯೂ ಇಲ್ಲ. ಕೊನೆಯ ಎರಡು ವರ್ಷ ನನ್ನ ಜೇಬಿನಲ್ಲೇ ಮೊಬೈಲ್ ಇತ್ತು. ‘ಮುಂದಿನ ಸಲ ಬಂದಾಗ ರೆಕಾರ್ಡ್ ಮಾಡ್ತೀನಿ ಅಜ್ಜ’ ಅಂದಿದ್ದೆ. ‘ಅದಕ್ಕೇನು, ಮಾಡೀಯಂತೆ ತಗೋ’ ಅಂದಿದ್ದ.

ಲಂಡನ್ನಿನ ಮುದುಕನ ಕೈ ಉಳಿಯೋಕೆ ಒಬ್ಬ ಮಹಾರಾಜ ಬೇಕಾಯಿತು. ನಿಮ್ಮೂರಿನ ಹಾರ್ಮೋನಿಯಂ ಮಾಸ್ತರರ ಕೈ ಉಳಿಯೋಕೆ ನಿಮ್ಮ ಮೊಬೈಲ್ ಸಾಕು. ಫ್ಯಾನ್ ಆಫ್ ಮಾಡಿ, ಫೋನನ್ನ ಏರ್‌ಪ್ಲೇನ್ ಮೋಡಿಗೆ ಹಾಕಿ, ಎರಡು ಮೊಳ ದೂರ ಇಡಿ, ರೆಕಾರ್ಡ್ ಒತ್ತಿ. ಈ ಭಾನುವಾರವೇ ಮಾಡಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.