ಹನ್ನೆರಡು ಸಾವಿರ ಬೆಳಗು

ಪ್ಯಾಂಟು ತೊಡೆಯ ತನಕ ಬಂದು ನಿಂತಿತು. ಎಷ್ಟು ಎಳೆದರೂ ಸೊಂಟಕ್ಕೆ ಏರಲಿಲ್ಲ. ಅದು 1970ರ ದಶಕ, ಟೋಕಿಯೊ ಹೈಕೋರ್ಟ್. ತೊಡಲು ಹೆಣಗುತ್ತಿದ್ದವನು ಇವಾವೊ ಹಕಮಾಡ. ಮೊದಲು ಬಾಕ್ಸರ್, ಆಮೇಲೆ ಶಿಜುವೊಕ ಪ್ರಾಂತ್ಯದ ಒಂದು ಮಿಸೊ ಕಾರ್ಖಾನೆಯ ನೌಕರ. ಇದೇ ಪ್ಯಾಂಟು ತೊಟ್ಟು ಕಾರ್ಖಾನೆಯ ಅಧಿಕಾರಿಯನ್ನೂ ಅವರ ಹೆಂಡತಿ, ಇಬ್ಬರು ಮಕ್ಕಳನ್ನೂ ಇರಿದು ಕೊಂದು ಮನೆಗೆ ಬೆಂಕಿಯಿಟ್ಟ ಎಂದು ಕೆಳಗಿನ ಕೋರ್ಟು 1968ರಲ್ಲೇ ಅವನಿಗೆ ಗಲ್ಲು ಬರೆದಿತ್ತು. ಪ್ಯಾಂಟು ಏರದ್ದಕ್ಕೆ ಸರ್ಕಾರಿ ವಕೀಲರ ಹತ್ತಿರ ಉತ್ತರ ಸಿದ್ಧವಿತ್ತು: ಬಟ್ಟೆ ಮಿಸೊದಲ್ಲಿ ನೆನೆದು, ಒಣಗಿ ಕುಗ್ಗಿದೆ, ಆರೋಪಿ ಜೈಲಿನಲ್ಲಿ ದಪ್ಪಗಾಗಿದ್ದಾನೆ.

ಮಿಸೊ ಎಂದರೆ ಸೋಯಾ ಕಾಳಿಗೆ ಉಪ್ಪು ಸೇರಿಸಿ ತಿಂಗಳುಗಟ್ಟಲೆ ಹುದುಗಿಸಿದ ಕಂದು ಮುದ್ದೆ. ಕೊಲೆ ನಡೆದದ್ದು 1966ರ ಜೂನ್ 30ರಂದು. ರಕ್ತದ ಕಲೆಯಿದ್ದ ಐದು ಬಟ್ಟೆಗಳು ಕಾರ್ಖಾನೆಯ ಮಿಸೊ ತೊಟ್ಟಿಯಲ್ಲಿ ಸಿಕ್ಕದ್ದು 14 ತಿಂಗಳ ನಂತರ, ವಿಚಾರಣೆ ನಡೆಯುತ್ತಿರುವಾಗ. ಕಲೆ ಇನ್ನೂ ಕೆಂಪಗಿತ್ತು. ಅಟ್ಟದ ಮೇಲೆ ಉಪ್ಪಿನಕಾಯಿ ಜಾಡಿ ಇಟ್ಟುಕೊಂಡ ಯಾವ ಅಜ್ಜಿಯನ್ನು ಕೇಳಿದ್ದರೂ ಹೇಳುತ್ತಿದ್ದರು, ವರ್ಷಗಟ್ಟಲೆ ಉಪ್ಪಿನಲ್ಲಿ ಕೂತದ್ದು ಹಾಕಿದ ಬಣ್ಣದಲ್ಲಿ ಉಳಿಯುವುದಿಲ್ಲ ಅಂತ. ಇಷ್ಟು ಮಾತು ನ್ಯಾಯಾಲಯದ ತೀರ್ಪಾಗಲು 2024ರ ಸೆಪ್ಟೆಂಬರ್ 26 ಬರಬೇಕಾಯಿತು. ಆ ದಿನ ಶಿಜುವೊಕ ಜಿಲ್ಲಾ ನ್ಯಾಯಾಲಯ ಹಕಮಾಡನನ್ನು ನಿರ್ದೋಷಿ ಎಂದಿತು. ಬಟ್ಟೆಗೆ ರಕ್ತ ಹಚ್ಚಿ ತೊಟ್ಟಿಯಲ್ಲಿ ಹುಗಿದವರು ತನಿಖೆ ನಡೆಸಿದವರೇ ಎಂದೂ ಹೇಳಿತು. ಬಂಧನವಾದಾಗ 30 ವರ್ಷ, ತೀರ್ಪಿನ ದಿನ 88.

ಇಲ್ಲಿಯವರೆಗೆ ಏಕವಚನದಲ್ಲಿ ಬರೆದೆ. ಬೇಕೆಂದೇ. ನಮ್ಮ ಪತ್ರಿಕೆಗಳ ಪದ್ಧತಿ ಅದು: ಕೈಗೆ ಕೋಳ ಬಿದ್ದ ಕ್ಷಣಕ್ಕೆ ಮನುಷ್ಯನ ಬಹುವಚನ ಉದುರಿಹೋಗುತ್ತದೆ. ‘ಅವರು’ ‘ಅವನು’ ಆಗಲು ಒಂದು ಎಫ್‌ಐಆರ್ ಸಾಕು. ವಾಪಸ್ ‘ಅವರು’ ಆಗಲು ಹಕಮಾಡ ಅವರಿಗೆ 58 ವರ್ಷ ಹಿಡಿಯಿತು.

ಪೊಲೀಸರು ಅವರನ್ನು ಸುಮಾರು 20 ದಿನ, ದಿನಕ್ಕೆ ಸರಾಸರಿ 12 ಗಂಟೆ ಪ್ರಶ್ನಿಸಿದ್ದರು. ಹೊರಬಂದದ್ದು 45 ತಪ್ಪೊಪ್ಪಿಗೆ ಹೇಳಿಕೆಗಳು. ಇವುಗಳಲ್ಲಿ 44ನ್ನು ವಿಚಾರಣಾ ನ್ಯಾಯಾಲಯವೇ ಬದಿಗೆ ಸರಿಸಿತು. ಉಳಿದ ಒಂದನ್ನು ನಂಬಿ ಗಲ್ಲು ವಿಧಿಸಿತು. ಒಬ್ಬನೇ ಮನುಷ್ಯ, ಅದೇ ಬಂಧನ. ನಲವತ್ನಾಲ್ಕು ಸಲ ಒತ್ತಡಕ್ಕೆ ಮಣಿದು ಹೇಳಿದವನು ನಲವತ್ತೈದನೆಯ ಸಲ ಮನಸಾರೆ ನಿಜ ಹೇಳಿದ ಎಂಬ ಲೆಕ್ಕ. ಪೀಠದಲ್ಲಿದ್ದ ಮೂವರು ನ್ಯಾಯಾಧೀಶರಲ್ಲಿ ಒಬ್ಬರಾದ ನೊರಿಮಿಚಿ ಕುಮಾಮೊಟೊಗೆ ಇದು ಒಪ್ಪಿಗೆಯಾಗಿರಲಿಲ್ಲ. ಬಹುಮತಕ್ಕೆ ತಲೆಬಾಗಿ ಮರಣದಂಡನೆಯ ತೀರ್ಪು ಬರೆದರು, ಮರುವರ್ಷ ಹುದ್ದೆ ಬಿಟ್ಟರು. ಮನಸ್ಸಿನಲ್ಲಿದ್ದದ್ದನ್ನು ಲೋಕದೆದುರು ಹೇಳಿದ್ದು 2007ರಲ್ಲಿ, 39 ವರ್ಷದ ಮೇಲೆ. ನಿರ್ದೋಷಿ ಎಂಬ ತೀರ್ಪು ಕೇಳಲು ಅವರು ಉಳಿಯಲಿಲ್ಲ, 2020ರಲ್ಲಿ ತೀರಿಕೊಂಡರು.

ಜಪಾನಿನಲ್ಲಿ ಗಲ್ಲಿಗೇರುವ ದಿನವನ್ನು ಕೈದಿಗೆ ಮುಂಚೆ ತಿಳಿಸುವುದಿಲ್ಲ. ಅದೇ ದಿನ ಬೆಳಿಗ್ಗೆ, ಒಂದೆರಡು ಗಂಟೆ ಮೊದಲು ಬಂದು ಹೇಳುತ್ತಾರೆ. ಹಕಮಾಡ ಅವರ ಶಿಕ್ಷೆ 1980ರ ಡಿಸೆಂಬರ್‌ನಲ್ಲಿ ಅಂತಿಮವಾಯಿತು. ಮರುವಿಚಾರಣೆಗೆ ಆದೇಶವಾಗಿ ಹೊರಬಂದದ್ದು 2014ರ ಮಾರ್ಚ್ 27ರಂದು. ಕೂಡಿ ನೋಡಿದೆ: ಸುಮಾರು 12 ಸಾವಿರ ಬೆಳಗು. ಒಂಟಿ ಕೋಣೆಯಲ್ಲಿ ಕೂತು ಓಣಿಯ ಬೂಟಿನ ಸಪ್ಪಳ ಕೇಳಿಸಿಕೊಳ್ಳುವುದು. ಸಪ್ಪಳ ತನ್ನ ಬಾಗಿಲು ದಾಟಿ ಹೋದರೆ ಇನ್ನೊಂದು ದಿನ ಸಿಕ್ಕಿತು. ಇದು 12 ಸಾವಿರ ಸಲ. ಎಷ್ಟನೆಯ ಬೆಳಿಗ್ಗೆ ಅವರ ಮನಸ್ಸಿನ ಸಮತೋಲ ತಪ್ಪಿತೋ ಗೊತ್ತಿಲ್ಲ. ತೀರ್ಪಿನ ದಿನ ನ್ಯಾಯಾಲಯಕ್ಕೆ ಬರುವ ಸ್ಥಿತಿಯಲ್ಲಿ ಅವರಿರಲಿಲ್ಲ. ಅವರ ಪರವಾಗಿ ಬಂದು ಕೂತದ್ದು 91 ವರ್ಷದ ಅಕ್ಕ ಹಿಡೆಕೊ.

ಪರಿಹಾರದ ಆದೇಶ 2025ರ ಮಾರ್ಚ್‌ನಲ್ಲಿ ಬಂತು: 21 ಕೋಟಿ 73 ಲಕ್ಷ 62 ಸಾವಿರದ 500 ಯೆನ್. ಕಾನೂನು ಕೊಡಬಹುದಾದ ಗರಿಷ್ಠ ದರ, ದಿನಕ್ಕೆ 12,500 ಯೆನ್. ನಮ್ಮ ಲೆಕ್ಕದಲ್ಲಿ ದಿನಕ್ಕೆ ಏಳು ಸಾವಿರ ರೂಪಾಯಿಯ ಆಸುಪಾಸು. ದರದಿಂದ ಮೊತ್ತವನ್ನು ಭಾಗಿಸಿದರೆ 17,389 ದಿನ. ಬಂಧನದಿಂದ ಬಿಡುಗಡೆಯ ತನಕ ಕ್ಯಾಲೆಂಡರ್ ಹಿಡಿದು ಎಣಿಸಿದೆ, ಒಂದು ದಿನವೂ ಹೆಚ್ಚುಕಡಿಮೆ ಇಲ್ಲ. ಜಪಾನೀಯರ ಲೆಕ್ಕ ಅಷ್ಟು ಪಕ್ಕಾ.

ನಮ್ಮ ಲೆಕ್ಕವನ್ನೂ ನೋಡಬೇಕಲ್ಲ.

2003ರಲ್ಲಿ ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯಲ್ಲಿ ಒಂದು ಕುಟುಂಬದ ಮೇಲೆ ಭೀಕರ ದಾಳಿ ನಡೆಯಿತು. ಐವರು ಸತ್ತರು, ಅತ್ಯಾಚಾರವೂ ನಡೆದಿತ್ತು. ಅಲೆಮಾರಿ ಸಮುದಾಯದ ಆರು ಮಂದಿಯನ್ನು ಹಿಡಿದರು. ಕೆಳಗಿನ ಕೋರ್ಟು ಎಲ್ಲರಿಗೂ ಗಲ್ಲು ಎಂದಿತ್ತು, ಹೈಕೋರ್ಟು ಆರರಲ್ಲಿ ಮೂವರ ಗಲ್ಲನ್ನು ಜೀವಾವಧಿಗೆ ಇಳಿಸಿತ್ತು. 2009ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತೆ ಏರಿಸಿ ಆರೂ ಜನರಿಗೆ ಗಲ್ಲು ಎಂದಿತು. ಆರರಲ್ಲಿ ಒಬ್ಬ, ಘಟನೆ ನಡೆದಾಗ ಇನ್ನೂ ಬಾಲಕ. 2019ರ ಮಾರ್ಚ್‌ನಲ್ಲಿ ಅದೇ ಸುಪ್ರೀಂ ಕೋರ್ಟು ತನ್ನದೇ ತೀರ್ಪನ್ನು ಹಿಂತೆಗೆದುಕೊಂಡು ಆರೂ ಮಂದಿಯನ್ನು ಖುಲಾಸೆ ಮಾಡಿತು. ಬದುಕುಳಿದ ಸಾಕ್ಷಿ ಮೊದಮೊದಲು ಪೊಲೀಸರ ಫೋಟೊಗಳಲ್ಲಿ ಗುರುತಿಸಿದ್ದು ಬೇರೆಯೇ ನಾಲ್ವರನ್ನು. ಆ ನಾಲ್ವರ ಬೆನ್ನು ಯಾರೂ ಹತ್ತಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತದೆ ನಮ್ಮ ಗಾದೆ. ಇಲ್ಲಿ ಪ್ರತ್ಯಕ್ಷ ಕಂಡವರ ಮೊದಲ ಮಾತನ್ನೇ ಕಡತದೊಳಗೆ ಮುಚ್ಚಿಟ್ಟಿದ್ದರು.

ಒಬ್ಬೊಬ್ಬರಿಗೆ ಐದು ಲಕ್ಷ ರೂಪಾಯಿ ಕೊಡಿ ಎಂದಿತು ಕೋರ್ಟು. 16 ವರ್ಷಕ್ಕೆ ಐದು ಲಕ್ಷ. ಕ್ಯಾಲ್ಕುಲೇಟರ್ ಒತ್ತಿದೆ: ದಿನಕ್ಕೆ 85 ರೂಪಾಯಿ. ಅದೇ 2019ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯಡಿ ಕೆರೆ ಹೂಳೆತ್ತಿದವರ ದಿನಗೂಲಿ ಇನ್ನೂರರ ಮೇಲಿತ್ತು. ಬೆಂಗಳೂರಿನ ದರ್ಶಿನಿಯಲ್ಲಿ ಒಂದು ಮಸಾಲೆ ದೋಸೆ, ಒಂದು ಕಾಫಿ ಎಂದರೆ ಇವತ್ತು ಆ 85 ರೂಪಾಯಿ ಖಾಲಿ. ಆದರೂ ಅದನ್ನು ದೊಡ್ಡ ಮನಸ್ಸು ಎನ್ನಬೇಕು. ತಪ್ಪಾಗಿ ಒಳಗೆ ಕೂತವರಿಗೆ ಇಂತಿಷ್ಟು ಕೊಡಲೇಬೇಕೆಂಬ ಕಾಯಿದೆ ನಮ್ಮಲ್ಲಿಲ್ಲ, ಹೆಚ್ಚಿನವರು ಖಾಲಿ ಕೈಯಲ್ಲೇ ಬಸ್ ಹತ್ತುತ್ತಾರೆ.

ಆರು ಜನ ಅಪವಾದ ಇರಬಹುದು ಅಂದುಕೊಂಡಿದ್ದೆ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ 2016ರಲ್ಲಿ ಹೊರತಂದ ವರದಿ ಆ ಸಮಾಧಾನವನ್ನೂ ಉಳಿಸಲಿಲ್ಲ. 2000ದಿಂದ 2015ರವರೆಗೆ ಕೆಳ ನ್ಯಾಯಾಲಯಗಳು ಗಲ್ಲು ವಿಧಿಸಿ, ಮೇಲಿನ ಕೋರ್ಟುಗಳಲ್ಲಿ ಇತ್ಯರ್ಥವಾದದ್ದು ಸುಮಾರು 1,500 ಮಂದಿಯ ಪ್ರಕರಣ. ಗಲ್ಲು ಉಳಿದದ್ದು ಶೇ 5ಕ್ಕಿಂತ ಕಡಿಮೆ ಜನರಿಗೆ. ಹೆಚ್ಚು ಕಡಿಮೆ ಮೂರನೇ ಎರಡು ಪಾಲು ಜನರ ಶಿಕ್ಷೆ ಇಳಿಯಿತು. 443 ಮಂದಿ ಪೂರ್ತಿ ಖುಲಾಸೆ. ಅದೇ ಹದಿನಾರು ವರ್ಷದಲ್ಲಿ ದೇಶದಲ್ಲಿ ನಿಜವಾಗಿ ನೇಣಿಗೇರಿದವರು ನಾಲ್ವರು: 2004ರಲ್ಲಿ ಒಬ್ಬ, 2012, 2013, 2015ರಲ್ಲಿ ಒಬ್ಬೊಬ್ಬ.

ನಾಲ್ಕಕ್ಕೆ 443. ಒಂದು ಕುಣಿಕೆ ಬಿಗಿಯಲು, ಕೆಳಗಿನ ಕೋರ್ಟಿನಲ್ಲಿ 110ಕ್ಕೂ ಹೆಚ್ಚು ಮಂದಿಗೆ ಗಲ್ಲು ಘೋಷಿಸಿ ಮೇಲಿನ ಕೋರ್ಟಿನಲ್ಲಿ ‘ಆರೋಪ ಸಾಬೀತಾಗಿಲ್ಲ, ಮನೆಗೆ ಹೋಗಿ’ ಎಂದು ಕಳಿಸಿದ್ದೇವೆ. ಆ 443ರಲ್ಲಿ ತಪ್ಪು ಮಾಡಿಯೂ ಸಾಕ್ಷ್ಯ ಸಾಲದೆ ಪಾರಾದವರು ಇದ್ದಾರು, ಅಲ್ಲಗಳೆಯುವುದಿಲ್ಲ. ಆದರೆ ನೇಣು ಎಂದು ಬರೆದು ಪೆನ್ನಿನ ನಿಬ್ ಮುರಿಯುವವರು ಹತ್ತು ಸಲ ಬರೆದರೆ ಮೂರು ಸಲ ಶಿಕ್ಷೆಯಷ್ಟೇ ಅಲ್ಲ, ಅಪರಾಧಿ ಎಂಬ ತೀರ್ಮಾನವೇ ನಿಲ್ಲದಿರುವಷ್ಟು ಅಂದಾಜು ತಪ್ಪುತ್ತಿದೆ. ಆ ವರದಿಗಾಗಿ ಗುರುತಿಸಿದ 385 ಗಲ್ಲು ಕೈದಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಬಡವರು. ಆ ಅಂಕಿ ಮಾತ್ರ ನನ್ನನ್ನು ಬೆರಗುಗೊಳಿಸಲಿಲ್ಲ.

ಸಿನಿಮಾದ ಕೋರ್ಟ್ ಸೀನಿನಲ್ಲಿ ಕರಿಕೋಟಿನ ನಾಯಕ ಮೇಜು ಕುಟ್ಟಿ ಹೇಳುವ ಮಾತು ನಮಗೆಲ್ಲ ಬಾಯಿಪಾಠ: ನೂರು ಅಪರಾಧಿಗಳು ತಪ್ಪಿಸಿಕೊಂಡರೂ ಪರವಾಗಿಲ್ಲ, ಒಬ್ಬ ನಿರಪರಾಧಿಗೆ ಶಿಕ್ಷೆಯಾಗಬಾರದು. 1760ರ ದಶಕದಲ್ಲಿ ಇಂಗ್ಲೆಂಡಿನ ವಿಲಿಯಂ ಬ್ಲ್ಯಾಕ್‌ಸ್ಟೋನ್ ಬರೆದಾಗ ಆ ಸಂಖ್ಯೆ ಹತ್ತಿತ್ತು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಅದನ್ನು ನೂರು ಮಾಡಿದರು. ಅವರಿಬ್ಬರಿಗೂ ಆರು ಶತಮಾನ ಮೊದಲು ಯಹೂದಿ ಪಂಡಿತ ಮೈಮೊನಿಡೀಸ್ ಸಾವಿರ ಎಂದಿದ್ದರು. ಹತ್ತೋ ನೂರೋ ಸಾವಿರವೋ, ಒಂದು ಬದಿಯಲ್ಲಿರುವ ‘ಒಬ್ಬ’ ಮಾತ್ರ ಬದಲಾಗಿಲ್ಲ. ಅವನನ್ನು ಎಣಿಸಲು ಹೊರಟವರೂ ಇದ್ದಾರೆ. ಅಮೆರಿಕದಲ್ಲಿ 1973ರಿಂದ ಗಲ್ಲುಶಿಕ್ಷೆಯಾಗಿ ಆಮೇಲೆ ನಿರ್ದೋಷಿಗಳಾದವರ ಸಂಖ್ಯೆ 2024ರಲ್ಲಿ 200 ಮುಟ್ಟಿತು. ಅದೇ ವರ್ಷ, 1976ರ ನಂತರ ಜಾರಿಯಾದ ಮರಣದಂಡನೆಗಳ ಲೆಕ್ಕ 1,600 ಮುಟ್ಟಿತು. ಎಂಟು ಜನರನ್ನು ಕೊಂದಾಗ ಒಬ್ಬ ಪಾರು. ಕಾನೂನು ಪ್ರಾಧ್ಯಾಪಕ ಸ್ಯಾಮ್ಯುಯೆಲ್ ಗ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಇನ್ನೊಂದು ಪ್ರಶ್ನೆ ಹಾಕಿಕೊಂಡರು: ಪಾರಾದವರನ್ನು ಬಿಡಿ, ಪಾರಾಗದ ನಿರಪರಾಧಿಗಳೆಷ್ಟು? 1973ರಿಂದ 2004ರವರೆಗೆ ಗಲ್ಲು ವಿಧಿಸಲಾದ 7,482 ಮಂದಿಯನ್ನು ಹಿಡಿದು ಲೆಕ್ಕ ಮಾಡಿದರು. ನಿರ್ದೋಷಿಗಳೆಂದು ಬಿಡುಗಡೆಯಾದವರು ಶೇ 1.6. ನಿಜಕ್ಕೂ ನಿರಪರಾಧಿಗಳಾಗಿರಬಹುದಾದವರು, ಕಡಿಮೆಯೆಂದರೂ ಶೇ 4.1.

ಮಧ್ಯದ ಆ ಶೇ ಎರಡೂವರೆ ಮಂದಿ ಎಲ್ಲಿ ಹೋದರು? ಬಹುಪಾಲು ಜನ ಸತ್ತಿಲ್ಲ. ಅವರ ಶಿಕ್ಷೆ ಜೀವಾವಧಿಗೆ ಇಳಿಯಿತು, ಅಷ್ಟೇ. ನೇಣಿನ ನೆರಳಿರುವವರೆಗೆ ವಕೀಲರು, ವಿದ್ಯಾರ್ಥಿಗಳು, ಪತ್ರಕರ್ತರು ಕಡತ ತಿರುವುತ್ತಾರೆ. ಗಲ್ಲು ತಪ್ಪಿತು ಎಂದೊಡನೆ ಎಲ್ಲರೂ ಉಸಿರು ಬಿಟ್ಟು ಎದ್ದುಹೋಗುತ್ತಾರೆ, ಕಡತ ಮುಚ್ಚುತ್ತದೆ. ನಮ್ಮಲ್ಲಿ ಶಿಕ್ಷೆ ಇಳಿದ ಮೂರನೇ ಎರಡು ಪಾಲಿನವರ ಬಗ್ಗೆ ಇದನ್ನು ಓದಿದ ಮೇಲೆ ಯೋಚನೆ ಶುರುವಾಗಿದೆ. ಅವರ ಕಡತ ತೆರೆದು ನೋಡಿದವರು ಯಾರು?

2014ರ ಡಿಸೆಂಬರ್‌ನ ಒಂದು ವಾರವನ್ನು ನೋಡಿ. 15ನೇ ತಾರೀಕು ಚೀನಾದ ಇನ್ನರ್ ಮಂಗೋಲಿಯಾದ ನ್ಯಾಯಾಲಯ, 1996ರಲ್ಲಿ ಕೊಲ್ಲಲಾದ 18 ವರ್ಷದ ಹುಡುಗನೊಬ್ಬ ನಿರ್ದೋಷಿ ಎಂದಿತು. ಶೌಚಾಲಯದಲ್ಲಿ ಹೆಣ ಕಂಡು ಪೊಲೀಸರಿಗೆ ತಿಳಿಸಲು ಹೋದವನು ಅವನು. ಹೆಣ ಸಿಕ್ಕ ದಿನದಿಂದ ಅವನ ಮರಣದಂಡನೆಗೆ 62 ದಿನ. ತಪ್ಪು ತಿದ್ದಿಕೊಳ್ಳಲು 18 ವರ್ಷ. ಎರಡೇ ದಿನ ಕಳೆದು, 17ನೇ ತಾರೀಕು, ಅಮೆರಿಕದ ಸೌತ್ ಕ್ಯಾರೊಲಿನಾದಲ್ಲಿ ಜಾರ್ಜ್ ಸ್ಟಿನ್ನಿಯ ಶಿಕ್ಷೆ ರದ್ದಾಯಿತು. 1944ರಲ್ಲಿ ವಿದ್ಯುತ್ ಕುರ್ಚಿಯಲ್ಲಿ ಕೂರಿಸಿದಾಗ ಆ ಕಪ್ಪು ಹುಡುಗನಿಗೆ 14 ವರ್ಷ. ಬಿಳಿಯರೇ ತುಂಬಿದ್ದ ಜ್ಯೂರಿ ತೆಗೆದುಕೊಂಡದ್ದು 10 ನಿಮಿಷ. ತಿದ್ದುಪಡಿಗೆ 70 ವರ್ಷ.

ಎರಡು ಗಡಿಯಾರಗಳಿವೆ ಅನಿಸುತ್ತದೆ. ಶಿಕ್ಷೆಯದ್ದು ದಿನದಲ್ಲಿ ಓಡುತ್ತದೆ, ಸತ್ಯದ್ದು ದಶಕಗಳಲ್ಲಿ. ನಾವು ಕೋರ್ಟಿನ ನಿಧಾನಕ್ಕೆ ಬೈಯುವವರು, ನಾನೂ ಬೈದಿದ್ದೇನೆ. 2019ರಲ್ಲಿ ಹೈದರಾಬಾದಿನ ಪಶುವೈದ್ಯೆಯ ಮೇಲಿನ ಅತ್ಯಾಚಾರ, ಕೊಲೆಯ ನಂತರ ಆಂಧ್ರ ವಿಧಾನಸಭೆ 21 ದಿನದಲ್ಲಿ ತನಿಖೆ, ವಿಚಾರಣೆ, ತೀರ್ಪು ಎಲ್ಲ ಮುಗಿಯಬೇಕೆಂಬ ಮಸೂದೆಯನ್ನೇ ಅಂಗೀಕರಿಸಿತು. ನಾಸಿಕ್‌ನ ಆರು ಮಂದಿಗೆ ಆ 21 ದಿನದ ಗಡಿಯಾರ ಕಟ್ಟಿದ್ದರೆ ಸುಪ್ರೀಂ ಕೋರ್ಟಿಗೆ ತನ್ನ ತಪ್ಪು ಒಪ್ಪಿಕೊಳ್ಳಲು ಆರು ಜನ ಉಳಿಯುತ್ತಿರಲಿಲ್ಲ. ಅವರನ್ನು ಉಳಿಸಿದ್ದು ನಾವು ಬೈಯುವ ಅದೇ ವಿಳಂಬ.

ವಿಳಂಬ ಎಲ್ಲರನ್ನೂ ಉಳಿಸುವುದಿಲ್ಲ. 2006ರ ಮುಂಬೈ ರೈಲು ಸ್ಫೋಟದಲ್ಲಿ 180ಕ್ಕೂ ಹೆಚ್ಚು ಜನ ಸತ್ತರು. 12 ಮಂದಿಗೆ ಶಿಕ್ಷೆಯಾಯಿತು, ಐವರಿಗೆ ಗಲ್ಲು. 2025ರ ಜುಲೈನಲ್ಲಿ ಬಾಂಬೆ ಹೈಕೋರ್ಟು 12 ಮಂದಿಯನ್ನೂ ಖುಲಾಸೆ ಮಾಡಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿದೆ. ಆ ಐವರಲ್ಲಿ ಒಬ್ಬ 2021ರಲ್ಲಿ ಕೋವಿಡ್‌ಗೆ ಬಲಿಯಾಗಿದ್ದ. ಖುಲಾಸೆಯ ಸುದ್ದಿ ತಲುಪಿಸಲು ವಿಳಾಸವಿರಲಿಲ್ಲ.

ನಮ್ಮ ರಾಜ್ಯದಲ್ಲಿ ಬೆಳಗಾವಿಯ ಹಿಂಡಲಗಾ ಜೈಲಿನ ನೇಣುಗಂಬ 1983ರಿಂದ ಸುಮ್ಮನೆ ನಿಂತಿದೆ. ನಿಂತಿರುವುದು ಒಳ್ಳೆಯದೇ ಅಂತ 2025ರ ಏಪ್ರಿಲ್‌ನಲ್ಲಿ ಅನಿಸಿತು. ಹೆಂಡತಿಯನ್ನು ಕೊಂದ ಆರೋಪದಲ್ಲಿ ಕೊಡಗಿನ ಕೂಲಿಕಾರನೊಬ್ಬ ಒಂದೂವರೆ ವರ್ಷಕ್ಕೂ ಹೆಚ್ಚು ಜೈಲಿನಲ್ಲಿದ್ದ. ಸಿಕ್ಕ ಅಸ್ಥಿಪಂಜರ ಅವಳದೇ ಎಂದು ಆರೋಪಪಟ್ಟಿಯೂ ಆಯಿತು, ಡಿಎನ್‌ಎ ಹೊಂದಲಿಲ್ಲ. ಪ್ರಕರಣ ನಡೆಯುತ್ತಲೇ ಇತ್ತು. ಒಂದು ದಿನ ಅವನ ಸ್ನೇಹಿತರು ಮಡಿಕೇರಿಯ ಹೋಟೆಲಿನಲ್ಲಿ ನೋಡುತ್ತಾರೆ, ಕೊಲೆಯಾದವಳು ಕೂತು ಊಟ ಮಾಡುತ್ತಿದ್ದಾಳೆ.

ಶಿಜುವೊಕದ ಆ ಮನೆಯಲ್ಲಿ ಸತ್ತ ನಾಲ್ವರಿಗೆ ಅಂಥ ಅದೃಷ್ಟವಿಲ್ಲ, ಅವರು ನಿಜಕ್ಕೂ ಸತ್ತಿದ್ದರು. ಕೊಂದವರು ಯಾರೆಂದು ಇವತ್ತಿಗೂ ಪತ್ತೆಯಾಗಿಲ್ಲ. ಅಂದಿನ ಜಪಾನೀ ಕಾನೂನಿನಲ್ಲಿ ಕೊಲೆ ಮೊಕದ್ದಮೆಗೆ 15 ವರ್ಷದ ಕಾಲಮಿತಿಯಿತ್ತು. 1966ರ ಜೂನ್ 30ಕ್ಕೆ 15 ಕೂಡಿಸಿದರೆ 1981ರ ಜೂನ್ ಕೊನೆ. ಬದುಕಿದ್ದರೆ, ಊರಲ್ಲೇ ಇದ್ದರೆ, ಆ ದಿನದಿಂದ ಕೊಲೆಗಾರನನ್ನು ಯಾರೂ ಮುಟ್ಟುವಂತಿರಲಿಲ್ಲ. ಹಕಮಾಡ ಅವರ ಹನ್ನೆರಡು ಸಾವಿರ ಬೆಳಗುಗಳಲ್ಲಿ ಆಗಿನ್ನೂ ಇನ್ನೂರು ಕಳೆದಿದ್ದವು.