‘ಗೋ ಅರೌಂಡ್’ ಅನ್ನೋಕೆ ಸಂಕೋಚ ಯಾಕೆ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯಿಂದ ಬೆಂಗಳೂರು ಸೇರಿದವರು ವಿಮಾನದಲ್ಲಿ ಊರಿಗೆ ಬಂದರೆ ಇಳಿಯೋದು ಬೆಳಗಾವಿಯ ಸಾಂಬ್ರಾದಲ್ಲಿ, ಇಲ್ಲವೇ ಹುಬ್ಬಳ್ಳಿಯಲ್ಲಿ. ಮಳೆಗಾಲದಲ್ಲಿ ಒಮ್ಮೊಮ್ಮೆ ಇನ್ನೇನು ಚಕ್ರ ನೆಲ ಮುಟ್ಟಬೇಕು ಅನ್ನುವಷ್ಟರಲ್ಲಿ ವಿಮಾನ ಜೋರಾಗಿ ಸದ್ದು ಮಾಡುತ್ತಾ ಮತ್ತೆ ಮೇಲಕ್ಕೇರುತ್ತದೆ. ‘ಏನಾತ್ರೀ?’ ಅಂತ ಎಲ್ಲರೂ ಗಾಬರಿಯಾಗುತ್ತಾರೆ. ಇದಕ್ಕೆ ‘ಗೋ ಅರೌಂಡ್’ ಅನ್ನುತ್ತಾರೆ. ಇಳಿಯೋದನ್ನು ಬಿಟ್ಟು, ಒಂದು ಸುತ್ತು ಹಾಕಿ ಮತ್ತೆ ಬರೋದು. ಇದು ಅಪಾಯವಲ್ಲ, ಅಪಾಯ ತಪ್ಪಿಸುವ ದಾರಿ.

ರೈಟ್ ರೈಟ್, ಹೋಲ್ಡಾನ್

ನಮ್ಮ ಬಸ್ ಕಂಡಕ್ಟರ್ ‘ರೈಟ್’ ಅಂದರೆ ಹೊರಡು, ‘ಹೋಲ್ಡಾನ್’ ಅಂದರೆ ನಿಲ್ಲಿಸು. ಎರಡನೇ ಅರ್ಥಕ್ಕೆ ಜಾಗವೇ ಇಲ್ಲ. ಪೈಲಟ್ ಮತ್ತು ಕಂಟ್ರೋಲರ್ ನಡುವಿನ ಮಾತೂ ಹೀಗೇ. ಕಂಟ್ರೋಲರ್ ಕೊಟ್ಟ ಎತ್ತರ, ದಿಕ್ಕು, ರನ್‌ವೇ ಸಂಖ್ಯೆಯನ್ನು ಪೈಲಟ್ ತಿರುಗಿ ಹೇಳಬೇಕು. ತಪ್ಪಿದ್ದರೆ ಕಂಟ್ರೋಲರ್ ಅಲ್ಲೇ ತಿದ್ದುತ್ತಾರೆ. ಜೀವಕ್ಕೆ ಅಪಾಯ ಇದ್ದರೆ ‘ಮೇಡೇ’ ಅಂತ ಮೂರು ಸಲ. ಅಷ್ಟು ತೀವ್ರವಲ್ಲದ ತುರ್ತಿಗೆ ‘ಪ್ಯಾನ್ ಪ್ಯಾನ್’.

ಇಷ್ಟೆಲ್ಲ ಯಾಕೆ? ಟವರ್‌ನಲ್ಲಿ ಕೂತವರಿಗೆ ಕಾಕ್‌ಪಿಟ್ ಒಳಗಿನ ಸ್ಥಿತಿ ಕಾಣೋದಿಲ್ಲ. ಪೈಲಟ್ ಹೇಳಿದ್ದಷ್ಟೇ ಅವರಿಗೆ ಗೊತ್ತು.

ಮಂಗಳೂರಿನಲ್ಲಿ ಆಗಿದ್ದು

2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ತೀರಿಕೊಂಡರು, 8 ಮಂದಿ ಮಾತ್ರ ಬದುಕಿದರು.

ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖೆ ಹೇಳಿದ್ದು ಹೀಗೆ: ಎರಡು ದಿನದಿಂದ ರಾಡಾರ್ ಕೆಟ್ಟಿತ್ತು, ಹಾಗಾಗಿ ವಿಮಾನ ಕೆಳಗಿಳಿಯಲು ಶುರು ಮಾಡಿದ್ದೇ ತಡ. ಹಾರಾಟದ ವೇಳೆ ಬಹಳ ಹೊತ್ತು ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ರನ್‌ವೇ ಹತ್ತಿರ ಬಂದಾಗ ವಿಮಾನ ಇರಬೇಕಾದ್ದಕ್ಕಿಂತ ಸುಮಾರು ಎರಡು ಪಟ್ಟು ಎತ್ತರದಲ್ಲಿತ್ತು. ಸರಿಯಾದ ದಾರಿಗೆ ಬಂದಿದ್ದೀರಾ ಅಂತ ಟವರ್ ಕೇಳಿತು. ‘ಹೌದು’ ಅನ್ನುವಂತೆ ಕ್ಯಾಪ್ಟನ್ ಸಹಪೈಲಟ್‌ಗೆ ಒತ್ತಾಯಿಸಿದರು. ಟವರ್ ಇಳಿಯಲು ಅನುಮತಿ ಕೊಟ್ಟಿತು.

ಸಹಪೈಲಟ್ ಸುಮ್ಮನಿರಲಿಲ್ಲ. ಮೂರು ಸಲ ‘ಗೋ ಅರೌಂಡ್’ ಅಂದರು. ವಿಮಾನದ ಯಂತ್ರವೂ ಎಚ್ಚರಿಸುತ್ತಲೇ ಇತ್ತು. ಕ್ಯಾಪ್ಟನ್ ಕೇಳಲಿಲ್ಲ. ಸುಮಾರು 8,000 ಅಡಿ ಉದ್ದದ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು.

ಹೇಳದೇ ಉಳಿದ ಒಂದು ಪದ

1990ರ ಜನವರಿ 25ರಂದು ನ್ಯೂಯಾರ್ಕ್ ಬಳಿ ಕೊಲಂಬಿಯಾದ ಏವಿಯಾಂಕಾ ವಿಮಾನ ಇಂಧನ ಮುಗಿದು ಬಿತ್ತು, 73 ಸಾವು. ಒಂದು ಗಂಟೆಗೂ ಹೆಚ್ಚು ಹೊತ್ತು ಆಕಾಶದಲ್ಲೇ ಸುತ್ತಿಸಿದ್ದರು. ‘ನಮಗೆ ಆದ್ಯತೆ ಬೇಕು’, ‘ಇಂಧನ ಮುಗೀತಾ ಇದೆ’ ಅಂತ ಸಹಪೈಲಟ್ ಹೇಳಿದರು. ಆದರೆ ‘ಎಮರ್ಜೆನ್ಸಿ’ ಅನ್ನಲಿಲ್ಲ. ಕಂಟ್ರೋಲರ್‌ಗಳಿಗೆ ಅದರ ತೀವ್ರತೆ ತಿಳಿಯಲಿಲ್ಲ. ಒಂದು ಕಡೆ ಹೇಳಿದ್ದನ್ನು ಕೇಳಲಿಲ್ಲ, ಇನ್ನೊಂದು ಕಡೆ ಹೇಳಬೇಕಾದ್ದನ್ನು ಹೇಳಲಿಲ್ಲ.

‘ಸಾಹೇಬ್ರಿಗೆ ಹೆಂಗ್ ಹೇಳೋದು’ ಅನ್ನೋ ಸಂಕೋಚ ನಮ್ಮ ಆಫೀಸುಗಳಲ್ಲೂ ಇದೆ. ಅದಕ್ಕೇ ಇವತ್ತು ಪೈಲಟ್‌ಗಳ ತರಬೇತಿಯಲ್ಲಿ ಕಿರಿಯರು ಗಟ್ಟಿಯಾಗಿ ಹೇಳೋದನ್ನೂ, ಹಿರಿಯರು ಅದನ್ನು ಕೇಳೋದನ್ನೂ ಕಲಿಸುತ್ತಾರೆ.

ಮುಂದಿನ ಸಲ ಸಾಂಬ್ರಾ ಮೇಲೆ ನಿಮ್ಮ ವಿಮಾನ ಮತ್ತೆ ಮೇಲಕ್ಕೇರಿದರೆ ಬೈಬೇಡಿ. ಮನೆಗೆ ಫೋನ್ ಮಾಡಿ, ‘ಅವ್ವಾ, ಸ್ವಲ್ಪ ತಡ ಆಗ್ತದ’ ಅಂತ ಇಳಿದ ಮೇಲೆ ಹೇಳಿದರಾಯಿತು.