ರಕ್ತದ ಬಣ್ಣ ಹಸಿರಾದರೆ ಸಾಕೇ?

ಕೇಂದ್ರ ಸರಕಾರವು 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಸಹಿತ 118 ಮೊಬೈಲ್ ಆ್ಯಪ್‌ಗಳನ್ನು ನಿಷೇಧಿಸಿದಾಗ ಅನೇಕ ಹೆತ್ತವರು ನೆಮ್ಮದಿ ತಾಳಿದರು. ಆದರೆ ಆದೇಶದಲ್ಲಿ ಹೇಳಲಾದ ಕಾರಣ ದೇಶದ ಸಾರ್ವಭೌಮತೆ ಹಾಗೂ ಭದ್ರತೆ. ಮಕ್ಕಳ ಮನಸ್ಸಿನ ಮಾತು ಅಲ್ಲಿರಲಿಲ್ಲ. ಮರುವರ್ಷವೇ ಆ ಆಟವು ಬೇರೆ ಹೆಸರಿನಲ್ಲಿ, ರಕ್ತದ ಬಣ್ಣವನ್ನು ಹಸಿರಾಗಿಸಿಕೊಂಡು ಮರಳಿ ಬಂದಿತು. 18 ವರ್ಷದೊಳಗಿನವರಿಗೆ ದಿನಕ್ಕೆ ಮೂರು ಗಂಟೆಗಳ ಮಿತಿಯೂ ಜೊತೆಗಿತ್ತು. ಶಾಲೆ ಮುಗಿಸಿ ಬಂದ ಮಗುವಿಗೆ ಮೂರು ಗಂಟೆಯೆಂದರೆ ಇಡೀ ಸಂಜೆಯೇ ಸರಿ!

ಗುಂಡು ಹಾರಿಸುವ ಆಟವನ್ನಾಡಿದ ಹುಡುಗ ಕ್ರೂರಿಯಾಗುವನೇ? ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬ್ರಿಟನ್ನಿನ 14–15ರ ಹರೆಯದ ಸುಮಾರು ಸಾವಿರ ಮಕ್ಕಳಿದ್ದರು. ಮಕ್ಕಳ ನಡವಳಿಕೆಯನ್ನು ಅವರ ಪೋಷಕರಿಂದಲೇ ಕೇಳಿ ತಿಳಿಯಲಾಯಿತು. ಹಿಂಸೆಯ ಆಟಕ್ಕೂ ಆಕ್ರಮಣಶೀಲತೆಗೂ ನಂಟು ಕಾಣಲಿಲ್ಲ. ಅಮೆರಿಕದ ಮನಶ್ಶಾಸ್ತ್ರ ಸಂಘವು ಮಾತ್ರ ಕೂಗಾಟ, ತಳ್ಳಾಟದಂತಹ ವರ್ತನೆಯೊಂದಿಗೆ ಅಲ್ಪ ಸಂಬಂಧವಿದೆಯೆಂದೇ ಹೇಳುತ್ತದೆ. ಆದರೆ ನಿಜವಾದ ಹಿಂಸಾಕೃತ್ಯಗಳಿಗೆ ಆಟವನ್ನು ಕಾರಣವಾಗಿಸಲು ಸಾಕಷ್ಟು ಆಧಾರವಿಲ್ಲವೆಂದು 2020ರಲ್ಲಿ ಸ್ಪಷ್ಟಪಡಿಸಿತು.

ಹಾಗಾದರೆ ಮನೆಮನೆಯಲ್ಲಿ ಕಾಣುವ ಆ ಸಿಟ್ಟು ಎಲ್ಲಿಯದು? 2014ರ ಪ್ರಯೋಗವೊಂದು ಇಲ್ಲಿ ನೆರವಾಗುತ್ತದೆ. 'ಹಾಫ್-ಲೈಫ್ 2' ಎಂಬ ಆಟಕ್ಕೆ ಎರಡು ರೂಪ ಕೊಡಲಾಯಿತು. ಒಂದರಲ್ಲಿ ಎದುರಾಳಿಯನ್ನು ಕೊಲ್ಲಬೇಕು. ಇನ್ನೊಂದರಲ್ಲಿ ಗುರಿಯಿಟ್ಟರೆ ಆತ ಆವಿಯಾಗಿ ಮಾಯವಾಗುವನು. ಆಡಿದವರ ಮನಸ್ಸು ಕೆರಳುವುದಕ್ಕೆ ರಕ್ತಪಾತ ಕಾರಣವಾಗಲಿಲ್ಲ. ಆಡುವ ಬಗೆಯನ್ನು ಮುಂಚಿತವಾಗಿ ಕಲಿಸದೆ ಆಟಕ್ಕಿಳಿಸಿದಾಗ, ಕೈಸಾಗದ ಹತಾಶೆಯೇ ಅವರನ್ನು ಕೆರಳಿಸಿತ್ತು.

ಕಾಸರಗೋಡಿನ ಹಿರಿಯರ ಬಾಯಲ್ಲಿ 'ಆಟ'ವೆಂದರೆ ಯಕ್ಷಗಾನ. ಅಲ್ಲಿಯೂ ವಧೆಗೆ ಕೊರತೆಯಿಲ್ಲ. ದುಶ್ಶಾಸನನ ಕರುಳು ಬಗೆಯುವ ಭೀಮನನ್ನು ಮಕ್ಕಳು ಕಣ್ಣರಳಿಸಿ ನೋಡುತ್ತಾರೆ. ಆದರೆ ಬಳಿಯಲ್ಲಿ ಅಜ್ಜನಿರುತ್ತಾನೆ, ಅದು ಏಕೆ ನಡೆಯಿತೆಂದು ತಿಳಿಸುವ ಮಾತುಗಾರಿಕೆಯಿರುತ್ತದೆ. ಫೋನಿನ ಕಾಳಗದಲ್ಲಿ ಮಗುವಿನ ಕಿವಿಗೆ ಬೀಳುವುದು ಯಾರೋ ಅಪರಿಚಿತರ ಬೈಗುಳ. ಹೆತ್ತವರು ಹಸಿರು ರಕ್ತಕ್ಕಿಂತ ಹೆಚ್ಚಾಗಿ ಗಮನಿಸಬೇಕಾದುದು ಇದನ್ನು, ಕೆಡುವ ನಿದ್ದೆಯನ್ನೂ.

ಇಂತಹ ಆಟದಲ್ಲಿ ನೂರು ಮಂದಿ ದ್ವೀಪವೊಂದಕ್ಕೆ ಇಳಿಯುತ್ತಾರೆ. ಕೊನೆಯವರೆಗೆ ಉಳಿದವರಿಗೆ ಗೆಲುವು. ಒಂದು ಸುತ್ತು ಮುಗಿಯಲು ಸುಮಾರು ಅರ್ಧ ಗಂಟೆ. ನಡುವೆ ಫೋನು ಕಸಿದರೆ ಜೊತೆಗಾರರನ್ನು ಕೈಬಿಟ್ಟಂತಾಗುತ್ತದೆ. ಮಗು ಕೆರಳುವುದು ಹೆಚ್ಚಾಗಿ ಆಗಲೇ. ಊಟಕ್ಕೆ ಕರೆಯುವ ತಾಯಿ "ಈ ಸುತ್ತು ಮುಗಿಯಲು ಇನ್ನೆಷ್ಟು ಹೊತ್ತು ಮಗಾ?" ಎಂದು ಮೊದಲೇ ಕೇಳಿ, ಮುಂದಿನ ಸುತ್ತು ಬೇಡವೆಂದರೆ, ತಟ್ಟೆ ಆರುವ ಮುನ್ನ ಮಗು ಎದ್ದುಬಂದೀತು.